ಒಂದು +1 ಅಂಕದ ನಿಜವಾದ ಬೆಲೆ: ಪಾತ್ರದ ಬಲ ಮತ್ತು ಪಾತ್ರದ ಶೈಲಿಯ ಕುರಿತು ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ, ಆಟಗಾರರು ಕಾಲ್ಪನಿಕ ಪಾತ್ರಗಳಾಗಿ ದಾಳ ಉರುಳಿಸುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ 2014ರ ನಿಯಮಗಳನ್ನು ಆಧರಿಸಿದೆ. ಪಾತ್ರದ ಹಾಳೆಯನ್ನು ತುಂಬುವುದು ಹೇಗೆ, 20 ಮುಖದ ದಾಳವನ್ನು ಯಾವಾಗ ಉರುಳಿಸಬೇಕು ಎಂಬುದು ಓದುವವರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ. ನಾನು ಎಡವಿದ್ದು ಒಂದೇ ಮೆಟ್ಟಿಲಿನಲ್ಲಿ. ಹಾಗಾಗಿ ಟಿಪ್ಪಣಿಯ ಬಹುಭಾಗ ಅಲ್ಲಿಯೇ ನಿಂತಿದೆ.

ನನ್ನ ಮೊದಲ ಪಾತ್ರ ಒಬ್ಬ ಹಾಫ್‌ಲಿಂಗ್ (ಕುಳ್ಳ ಜನಾಂಗದ) ಫೈಟರ್ (ಯೋಧ). ತನ್ನ ಎತ್ತರಕ್ಕೆ ಮೀರಿದ ಉದ್ದನೆಯ ಕತ್ತಿಯನ್ನು ಬೀಸುವ ಪುಟ್ಟ ಯೋಧನ ಚಿತ್ರ ಮೊದಲು ಮನಸ್ಸಿಗೆ ಬಂದಿತ್ತು, ಅಂಕಗಳು ಆಮೇಲೆ ಬಂದವು. ಹಾಫ್‌ಲಿಂಗ್‌ಗಳಿಗೆ ಜನಾಂಗದ ಕಡೆಯಿಂದ ಸ್ಟ್ರೆಂಗ್ತ್ (ದೇಹಬಲದ ಅಂಕ) ಹೆಚ್ಚಳವಿಲ್ಲ, ಕೊಟ್ಟ ಪಾಯಿಂಟ್‌ಗಳಿಂದ ಅಂಕಗಳನ್ನು ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ 27 ಪಾಯಿಂಟ್‌ಗಳ ಪೈಕಿ 9 ಅನ್ನು ಖರ್ಚು ಮಾಡಿದರೂ 15ಕ್ಕಿಂತ ಮೇಲೆ ಹೋಗಲಾಗದು. 15ಕ್ಕೆ ಸಿಗುವ ಮಾಡಿಫೈಯರ್ (ದಾಳದ ಫಲಕ್ಕೆ ಕೂಡಿಸುವ ಸಂಖ್ಯೆ) +2, ಅಂದರೆ 14ಕ್ಕೆ ಸಿಗುವಷ್ಟೇ. ಸ್ಟ್ರೆಂಗ್ತ್ 16 ಇರುವ ಜೊತೆಗಾರನಿಗೆ +3. ಒಂದೇ ಅಂಕದ ಅಂತರ, 20 ಮುಖಗಳಲ್ಲಿ ಒಂದು ಮುಖ, ಕೇವಲ ಶೇ. 5 ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ತಪ್ಪಿದ್ದು ಇಲ್ಲಿಯೇ. ಶೇ. 5 ಎಂಬುದು ದಾಳದ ಒಟ್ಟು ಮುಖಗಳ ಲೆಕ್ಕವೇ ಹೊರತು ನನ್ನ ಹೊಡೆತಗಳ ಲೆಕ್ಕವಲ್ಲ. ಎದುರಾಳಿಯ ಎಸಿ (ಆರ್ಮರ್ ಕ್ಲಾಸ್: ಏಟು ತಗುಲಲು ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಸಂಖ್ಯೆ) 15 ಎಂದುಕೊಳ್ಳೋಣ. ಒಂದನೆಯ ಲೆವೆಲ್‌ನ ಪ್ರೊಫಿಷಿಯೆನ್ಸಿ (ಪರಿಣತಿಯ ಬೋನಸ್) +2 ಸೇರಿ ಜೊತೆಗಾರನ ಬೋನಸ್ +5, ನನ್ನದು +4. ಅವನಿಗೆ 10 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು: 11 ಮುಖಗಳು ಅವನ ಪಾಲಿಗೆ. ನನಗೆ 11 ಬೀಳಬೇಕು: 10 ಮುಖಗಳು. ಹನ್ನೊಂದರಲ್ಲಿ ಒಂದು ಹೊಡೆತ ಹೋಯಿತು, ಅಂದರೆ ಶೇ. 9. ಎಸಿ 20 ಆದರೆ ಅವನಿಗೆ 6 ಮುಖ, ನನಗೆ 5. ನಷ್ಟ ಆರನೆಯ ಒಂದು ಪಾಲು. ಗುರಿ ಕಠಿಣವಾದಷ್ಟೂ ಅದೇ ಒಂದು ಅಂಕ ಹೆಚ್ಚು ನೋಯಿಸುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಮಾಡಿಫೈಯರ್ ಕತ್ತಿಯ ಹಾನಿಗೂ ಸೇರುತ್ತದೆ ಎಂಬುದನ್ನು ನಾನು ಪೂರ್ತಿ ಮರೆತಿದ್ದೆ. 8 ಮುಖದ ದಾಳದ ಸರಾಸರಿ 4.5, ಅವನ ಹೊಡೆತಕ್ಕೆ ಸರಾಸರಿ 7.5, ನನ್ನದಕ್ಕೆ 6.5. ಕ್ರಿಟಿಕಲ್ ಹೊಡೆತಗಳನ್ನು (20 ಬಿದ್ದಾಗ ಹೆಚ್ಚು ಹಾನಿ ಮಾಡುವವು) ಬದಿಗಿಟ್ಟು ಗುಣಿಸಿದರೆ ಪ್ರತಿ ಬೀಸಿಗೆ ಅವನದು 4.125, ನನ್ನದು 3.25. ಕೊರತೆ ಶೇ. 21. ಇದನ್ನು ನಂಬಲಾಗದೆ ಗಾಬ್ಲಿನ್ ಎಂಬ ಪುಟ್ಟ ಎದುರಾಳಿ ಜೀವಿಯೊಂದನ್ನು ಹಿಡಿದು ಮತ್ತೆ ಲೆಕ್ಕ ಹಾಕಿದೆ, ಏಕೆಂದರೆ ಅದರ ಎಸಿ 15, ಹಿಟ್ ಪಾಯಿಂಟ್ (ಅದನ್ನು ಉರುಳಿಸಲು ಬೇಕಾದ ಹಾನಿ) 7. ಒಂದೇ ಏಟಿಗೆ ಅದನ್ನು ಉರುಳಿಸಲು ಹಾನಿಯ ದಾಳದಲ್ಲಿ ಅವನಿಗೆ 4 ಸಾಕು, ನನಗೆ 5 ಬೇಕು. 160 ಬೀಸುಗಳಲ್ಲಿ ಅವನು 55 ಸಲ ಉರುಳಿಸುತ್ತಾನೆ, ನಾನು 40 ಸಲ. ಶೇ. 5 ಎಂದು ನಾನು ತಳ್ಳಿಹಾಕಿದ್ದ ಅಂತರ ಇದೇ.

ಹಾಗೆಂದು ಚಿತ್ರವನ್ನು ಕೈಬಿಡಬೇಕಾಗಿರಲಿಲ್ಲ. ಹಾಫ್‌ಲಿಂಗ್‌ಗೆ ಡೆಕ್ಸ್ಟೆರಿಟಿ (ಚುರುಕುತನದ ಅಂಕ) +2 ಸಿಗುತ್ತದೆ. 15 ಇಟ್ಟರೆ 17, ಮಾಡಿಫೈಯರ್ +3. ರೇಪಿಯರ್ ಎಂಬ ಇರಿಯುವ ಕತ್ತಿಗೂ 8 ಮುಖದ ದಾಳವೇ, ಅದರ ದಾಳಿ ಮತ್ತು ಹಾನಿ ಎರಡನ್ನೂ ಡೆಕ್ಸ್ಟೆರಿಟಿಯಿಂದ ಲೆಕ್ಕ ಹಾಕಬಹುದು. ಹಾಳೆಯಲ್ಲಿ ರೇಪಿಯರ್ ಎಂದು ಬರೆದು, ಆಡುವಾಗ ಅದನ್ನು ಉದ್ದನೆಯ ಹಳೆಯ ಕತ್ತಿ ಎಂದು ವರ್ಣಿಸಲು ಡಿಎಂ (ಆಟ ನಡೆಸುವವರು) ಒಪ್ಪಿದರೆ ನನ್ನ ಪುಟ್ಟ ಯೋಧ ಹಾಗೆಯೇ ಉಳಿಯುತ್ತಾನೆ, ಅಂಕವೂ ಉಳಿಯುತ್ತದೆ. ಇದಕ್ಕೆ ಒಂದೇ ಎಚ್ಚರಿಕೆ: ರೂಪ ಬದಲಾಗಬಹುದು, ಹಾನಿಯ ಬಗೆ ಬದಲಾಗಬಾರದು. ಅದನ್ನೇ ಗದೆ ಎಂದು ವರ್ಣಿಸಿ ಜಜ್ಜುವ ಹಾನಿಯನ್ನು ಕೇಳಿದರೆ, ಅಂಥ ಹಾನಿಗೆ ಇಮ್ಮಡಿ ನಲುಗುವ ಅಸ್ಥಿಪಂಜರಗಳ ಎದುರು ಸುಮ್ಮನೆ ಲಾಭ ಸಿಗುತ್ತದೆ. ಆಗ ಅದು ವರ್ಣನೆಯಾಗಿ ಉಳಿಯುವುದಿಲ್ಲ, ನಿಯಮದ ಬದಲಾವಣೆಯಾಗುತ್ತದೆ.

ಎಲ್ಲ ಪಾತ್ರಗಳಿಗೂ ಬೆಲೆ ಒಂದೇ ಅಲ್ಲ ಎಂಬುದು ಎರಡನೆಯ ಪಾತ್ರವಾದ, ಹಾಫ್-ಆರ್ಕ್ ಜನಾಂಗದ ವಿಝಾರ್ಡ್‌ನಿಂದ (ಮಾಂತ್ರಿಕನಿಂದ) ತಿಳಿಯಿತು. ವಿಝಾರ್ಡ್‌ನ ಮಂತ್ರಗಳಿಗೆ ಆಧಾರವಾದ ಇಂಟೆಲಿಜೆನ್ಸ್ (ಬುದ್ಧಿಯ ಅಂಕ) ಇಲ್ಲಿಯೂ 15ಕ್ಕೇ ನಿಲ್ಲುತ್ತದೆ. ಆದರೆ ಫೈರ್ ಬೋಲ್ಟ್ ಎಂಬ ಸ್ಪೆಲ್‌ನ (ಮಂತ್ರದ) ಹಾನಿಗೆ ಇಂಟೆಲಿಜೆನ್ಸ್ ಸೇರುವುದಿಲ್ಲವಾದ್ದರಿಂದ ಅದೇ ಎಸಿ 15ರ ಎದುರು ನಷ್ಟ ಶೇ. 9ರಲ್ಲಿಯೇ ನಿಲ್ಲುತ್ತದೆ. ಮ್ಯಾಜಿಕ್ ಮಿಸೈಲ್ ದಾಳಿಯ ದಾಳವನ್ನೇ ಕೇಳುವುದಿಲ್ಲ. ಸ್ಲೀಪ್ ಎದುರಾಳಿಗೆ ಸೇವಿಂಗ್ ಥ್ರೋ (ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶ) ಕೊಡುವುದಿಲ್ಲ. ಇಂಥ ಸ್ಪೆಲ್‌ಗಳನ್ನೇ ಆರಿಸಿಕೊಂಡರೆ ಎದ್ದು ಕಾಣುವ ಕೊರತೆ ಒಂದೇ: ಮೊದಲ ಲೆವೆಲ್‌ನಲ್ಲಿ ಸಿದ್ಧವಾಗಿಟ್ಟುಕೊಳ್ಳುವ ಸ್ಪೆಲ್‌ಗಳು 4ರ ಬದಲು 3. ಆದ್ದರಿಂದ ನಾನು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಬಿಟ್ಟುಕೊಡುವ ಅಂಕ ಯಾವ ಯಾವ ದಾಳಗಳನ್ನು ಮುಟ್ಟುತ್ತದೆ ಎಂಬುದು. ಚೆನ್ನಾಗಿ ಕಟ್ಟಿದ ಪಾತ್ರದಲ್ಲಿ ಜೀವವಿರುವುದಿಲ್ಲ ಎಂಬ ವಾದವನ್ನು ಆಟಗಾರರು ಸ್ಟಾರ್ಮ್‌ವಿಂಡ್ ಫ್ಯಾಲಸಿ ಎಂದು ಕರೆಯುತ್ತಾರೆ. ನಾನೂ ಬಹಳ ದಿನ ಆ ತಪ್ಪು ವಾದದ ನೆರಳಿನಲ್ಲಿಯೇ ಇದ್ದೆ.

ಫೇಟ್‌ನಂಥ ಆಟಗಳಲ್ಲಿ ಈ ತೊಡಕು ಕಡಿಮೆ, ಏಕೆಂದರೆ ಪಾತ್ರದ ದೌರ್ಬಲ್ಯ ಅದನ್ನು ತೊಂದರೆಗೆ ಸಿಲುಕಿಸಿದಾಗ ಆಟಗಾರನಿಗೆ ಫೇಟ್ ಪಾಯಿಂಟ್ (ಮುಂದೆ ತನ್ನ ಅನುಕೂಲಕ್ಕೆ ಬಳಸಬಹುದಾದ ಅಂಕ) ಸಿಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿಯೂ 2020ರ ಐಚ್ಛಿಕ ನಿಯಮವೊಂದು ಜನಾಂಗದ ಹೆಚ್ಚಳಗಳನ್ನು ಬೇಕಾದೆಡೆಗೆ ಸರಿಸಲು ಬಿಟ್ಟಿತು. 2024ರ ನಿಯಮಗಳು ಅವುಗಳನ್ನು ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿನ್ನೆಲೆಗೆ) ವರ್ಗಾಯಿಸಿದವು.

ಹಳೆಯ ನಿಯಮದಲ್ಲಿಯೇ ಸ್ಟ್ರೆಂಗ್ತ್ 15 ಇಟ್ಟುಕೊಂಡು ಆಡುವವರು ಕೊರತೆ ಎಲ್ಲಿಯವರೆಗೆ ಇರುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಫೈಟರ್‌ಗೆ 4, 6 ಮತ್ತು 8ನೆಯ ಲೆವೆಲ್‌ಗಳಲ್ಲಿ ಅಂಕ ಹೆಚ್ಚಿಸಿಕೊಳ್ಳುವ ಅವಕಾಶವಿದೆ. ಎರಡೆರಡು ಅಂಕಗಳನ್ನು ಸ್ಟ್ರೆಂಗ್ತ್‌ಗೇ ಹಾಕಿದರೆ ಜೊತೆಗಾರ 16ರಿಂದ 18, 20 ಎಂದು 6ನೆಯ ಲೆವೆಲ್‌ಗೇ ಗರಿಷ್ಠ ಮುಟ್ಟುತ್ತಾನೆ. ನಾವು 17, 19 ಎಂದು ಏರಿ 8ನೆಯ ಲೆವೆಲ್‌ನಲ್ಲಿ ಅವನ ಸಮಕ್ಕೆ ಬರುತ್ತೇವೆ.