ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರಿ ಯಾವ ಕಡೆ?

ಮಗಳ ಬಾಣಂತನಕ್ಕೆ ಕ್ಯಾಲಿಫೋರ್ನಿಯಾಗೆ ಹೋಗಿಬಂದ ನಮ್ಮ ಪಕ್ಕದ ಮನೆಯವರು ಕೇಳಿದರು: "ಹೋಗೋವಾಗ ಬೇಗ ತಲುಪಿದ್ವಿ, ಬರೋವಾಗ ಜಾಸ್ತಿ ಹೊತ್ತು ಹಿಡಿಯಿತು. ಭೂಮಿ ತಿರುಗುತ್ತಲ್ಲ, ಅದಕ್ಕಾ?"

ಗ್ಲೋಬ್ ಮೇಲೆ ಈ ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಚೀನಾ, ಮಂಗೋಲಿಯಾ, ಸೈಬೀರಿಯಾ ಹತ್ತಿ, ಆರ್ಕ್ಟಿಕ್ ಸಾಗರದ ಅಂಚು ಸವರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಸುಮಾರು 14,000 ಕಿ.ಮೀ. ಅದೇ ಅತಿ ಹತ್ತಿರದ ದಾರಿ. ಆದರೆ ವಿಮಾನ ದಾರ ನೋಡಿ ಹಾರುವುದಿಲ್ಲ, ಗಾಳಿ ನೋಡಿ ಹಾರುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದರು. ಇಲ್ಲಿಂದ ಹೋಗುವ ವಿಮಾನ ಎಷ್ಟೋ ಸಲ ಪೆಸಿಫಿಕ್ ಕಡೆಯಿಂದ, ಪೂರ್ವಕ್ಕೆ ಹಾರುತ್ತದೆ.

ಭೂಮಿ ಅಡಿಯಲ್ಲಿ ಸುಮ್ನೆ ತಿರುಗಿಬಿಡುವಂತಿದ್ದರೆ ಪಶ್ಚಿಮಕ್ಕೆ ಹಾರುವ ವಿಮಾನವೇ ಬೇಗ ತಲುಪಬೇಕಿತ್ತು, ಅಲ್ವಾ? ಆಗುವುದು ತಿರುಗುಮುರುಗು. ಯಾಕೆಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಸದಾ ಗಂಟೆಗೆ 1,600 ಕಿ.ಮೀ. ಗಾಳಿ ಬೀಸಬೇಕಿತ್ತು! ಓಡುವ ಬಸ್ಸಿನಲ್ಲಿ ಮಗು ಮೇಲಕ್ಕೆ ಎಸೆದ ಚೆಂಡು ಮತ್ತೆ ಅದರ ಕೈಗೇ ಬೀಳುವುದಿಲ್ಲವೇ, ಹಾಗೆ.

ಆದರೂ ಆ ಪ್ರಶ್ನೆಯಲ್ಲಿ ಒಂದು ಎಳೆ ಸತ್ಯವಿದೆ. ನನಗೆ ತುಂಬ ಇಷ್ಟವಾದ ಭಾಗ ಇದೇ. ಬೀಸುಕಲ್ಲು ನೆನಪಿಸಿಕೊಳ್ಳಿ. ಅಂಚಿನಲ್ಲಿ ಬಿದ್ದ ಕಾಳು ಜೋರಾಗಿ ಸುತ್ತುತ್ತದೆ, ಗೂಟದ ಹತ್ತಿರದ್ದು ನಿಧಾನ. ಸಮಭಾಜಕದ ಬಳಿ ನೆಲದ ವೇಗ ಗಂಟೆಗೆ 1,670 ಕಿ.ಮೀ., ಟೋಕಿಯೋದಲ್ಲಿ ಸುಮಾರು 1,350. ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ಉತ್ತರಕ್ಕೆ ಸರಿಯುವಾಗ ತನ್ನ ಹಳೇ ವೇಗ ಬಿಡುವುದಿಲ್ಲ. ಓಡುವ ಬಸ್ಸಿಂದ ಇಳಿದವರು ನಾಲ್ಕು ಹೆಜ್ಜೆ ಮುಂದಕ್ಕೆ ಓಡಲೇಬೇಕಲ್ಲ, ಹಾಗೇ ಆ ಗಾಳಿಯೂ ನೆಲಕ್ಕಿಂತ ಮುಂದೆ, ಪೂರ್ವಕ್ಕೆ ನುಗ್ಗುತ್ತದೆ. ಉತ್ತರದ ಚಳಿ, ದಕ್ಷಿಣದ ಬಿಸಿ ಎದುರಾಗುವ ಕಡೆ ಅದು ಇನ್ನೂ ಬಿರುಸಾಗಿ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೊಳೆಯಂತೆ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 200 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ವೇಗ 1,100. ಎದುರಿಗಿದ್ದರೆ 700.

ಇದನ್ನು ಮೊದಲು ಅಳೆದವರಲ್ಲಿ ಜಪಾನಿನ ಹವಾಮಾನ ತಜ್ಞ ವಾಸಾಬುರೋ ಓಯಿಶಿ ಒಬ್ಬರು. 1920ರ ದಶಕದಲ್ಲಿ ತಾತೆನೋ ಎಂಬಲ್ಲಿ ಬಲೂನು ಹಾರಿಬಿಟ್ಟು, ಅದು ತೇಲಿಹೋಗುವುದನ್ನೇ ದುರ್ಬೀನಿನಲ್ಲಿ ನೋಡುತ್ತಾ ಗಾಳಿಯ ವೇಗ ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಎಸ್ಪೆರಾಂಟೋದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲೆಂದು ಕಟ್ಟಿದ ಭಾಷೆಯಲ್ಲಿ, ಬರೆದರು. ಹೊರಗೆ ಓದಿದವರು ಬಹಳ ಕಡಿಮೆ. 1944ರಲ್ಲಿ ಟೋಕಿಯೋ ಮೇಲೆ ಬಂದ ಅಮೆರಿಕದ ಬಿ-29 ವಿಮಾನಗಳು ಅದೇ ಗಾಳಿಗೆ ಸಿಕ್ಕಿ, ಬಾಂಬುಗಳು ಗುರಿ ತಪ್ಪಿದವು.

ಪಕ್ಕದ ಮನೆಯವರು ಮುಂದಿನ ಸಲ ಹೊರಟಾಗ ಎದುರು ಸೀಟಿನ ಪರದೆ ನೋಡಲು ಹೇಳಿದ್ದೇನೆ. ಜಪಾನ್ ದಾಟುವಾಗ ವೇಗದ ಅಂಕಿ ಸಾವಿರ ಮೀರಿದರೆ, ಅವರು ಓಯಿಶಿಯವರ ಗಾಳಿಯ ಬೆನ್ನೇರಿ ಹೋಗುತ್ತಿದ್ದಾರೆ.