ಪಾಪರ್ ಆದ ಮೇಲೂ ಒಂದು ಅರ್ಜಿ ಬಾಕಿ ಇರುತ್ತದೆ

"ಮೇಡಂ, ನಾನು ಪಾಪರ್ ಅಂತ ಕೋರ್ಟೇ ಹೇಳಿದೆಯಲ್ಲ, ಮತ್ಯಾಕೆ ಸಾಲ ಕೊಟ್ಟವರು ಬಾಗಿಲಿಗೆ ಬರ್ತಾರೆ?" ಬಟ್ಟೆ ಅಂಗಡಿ ಮುಚ್ಚಿದ್ದ ಒಬ್ಬರು ಹೀಗೆ ಕೇಳುತ್ತಾ ಬಂದು ಕೂತರು. ಕಾಗದ ನೋಡಿದೆ. ಋಣಮುಕ್ತಿಗೆ ಅರ್ಜಿ ಹಾಕಲು ನ್ಯಾಯಾಲಯ ಕೊಟ್ಟಿದ್ದ ಅವಧಿ ಮುಗಿದು, ದಿವಾಳಿ ಆದೇಶವೇ ರದ್ದಾಗಿತ್ತು. ಆ ಅರ್ಜಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ತುಂಬಾ ಸಂಕಟವಾಯಿತು.

2016ರ ಹೊಸ ದಿವಾಳಿ ಸಂಹಿತೆ ಬಂದಿದ್ದರೂ, ವ್ಯಕ್ತಿಗಳ ಮಟ್ಟಿಗೆ ಅದು 2019ರ ಡಿಸೆಂಬರ್‌ನಿಂದ ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮ ಊರಿನ ಸಣ್ಣ ವ್ಯಾಪಾರಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ.

ದಿವಾಳಿ ಆದೇಶವಾದ ಕೂಡಲೇ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರು) ಕೈಗೆ ಹೋಗುತ್ತದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹೆಂಡತಿಯ ತಾಳಿ, ಕಸುಬಿನ ಹತಾರ ಮುಟ್ಟುವ ಹಾಗಿಲ್ಲ. ಆದರೆ ಸಾಲ ಇನ್ನೂ ಹೋಗಿರುವುದಿಲ್ಲ. ಅದು ಹೋಗುವುದು ಋಣಮುಕ್ತಿ ಆದೇಶದಿಂದ, ಅದಕ್ಕೆ ಬೇರೆಯೇ ಅರ್ಜಿ ಬೇಕು.

ಆ ಅರ್ಜಿಯಲ್ಲೇ ನಿಜವಾದ ಪರೀಕ್ಷೆ. ಅಡಮಾನವಿಲ್ಲದ ಸಾಲಕ್ಕೆ ನಿಮ್ಮ ಆಸ್ತಿ ರೂಪಾಯಿಗೆ ಎಂಟಾಣೆಯಷ್ಟಾದರೂ, ಅಂದರೆ ಅರ್ಧದಷ್ಟಾದರೂ ಆಗುತ್ತದಾ? ಕಾಯ್ದೆಯಲ್ಲಿ ಈಗಲೂ ಆಣೆಯ ಲೆಕ್ಕವೇ ಇದೆ. ಆಗದಿದ್ದರೆ ಅದಕ್ಕೆ ನಿಮ್ಮ ತಪ್ಪು ಕಾರಣವಲ್ಲ ಅಂತ ತೋರಿಸಬೇಕು. ಅಂಗಡಿಗೆ ಬೆಂಕಿ ಬಿತ್ತು, ಕಾಯಿಲೆ ಬಂತು, ಹೀಗೆ. ಹಿಂದಿನ 3 ವರ್ಷದ ಲೆಕ್ಕದ ಪುಸ್ತಕ ಇಲ್ಲದಿದ್ದರೆ, ಜೂಜಾಡಿದ್ದರೆ, ತೀರಿಸಲಾಗದು ಅಂತ ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದರೆ ಪೂರ್ತಿ ಬಿಡುಗಡೆ ಸಿಗುವುದಿಲ್ಲ. ಮುಂದಿನ ಸಂಪಾದನೆಯ ಮೇಲೆ ಷರತ್ತು ಹಾಕಿ ನ್ಯಾಯಾಧೀಶರು ಬಿಡಬಹುದು. ದಿವಾಳಿ ಅರ್ಜಿಗೆ ಮುಂಚಿನ 2 ವರ್ಷದೊಳಗೆ ಭಾಮೈದನ ಹೆಸರಿಗೆ ಸುಮ್ನೆ ಸೈಟು ಬರೆದುಕೊಟ್ಟಿದ್ದರೆ ಅದನ್ನೂ ರದ್ದು ಮಾಡಿಸಬಹುದು. ದಯವಿಟ್ಟು ಅದನ್ನು ಮಾಡಬೇಡಿ.

ಬಿಡುಗಡೆ ಸಿಕ್ಕರೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಹಾಗೇ ಉಳಿಯುತ್ತವೆ. ಮನೆ ಅಡ ಇಟ್ಟಿದ್ದರೆ ಬ್ಯಾಂಕು ಅದನ್ನು ಬಿಡುವುದಿಲ್ಲ. ನಿಮಗೆ ಜಾಮೀನು ಹಾಕಿದ ಗೆಳೆಯನೂ ಪಾರಾಗುವುದಿಲ್ಲ. ಇದನ್ನು ಅವನಿಗೆ ಮೊದಲೇ ಹೇಳುವುದು ಧರ್ಮ, ಅಲ್ವಾ?

ಆ ಬಟ್ಟೆ ಅಂಗಡಿಯವರು ಹೊಸದಾಗಿ ದಿವಾಳಿ ಅರ್ಜಿ ಹಾಕಬೇಕೆಂದರೂ ಈಗ ಅದೇ ನ್ಯಾಯಾಲಯದ ಅನುಮತಿ ಬೇಕು. ಗಡುವು ತಪ್ಪಿದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು. ಆ ದಿನಗಳಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಡಿಸ್ಚಾರ್ಜ್ ಚೀಟಿ ತರಲು ಹೇಳಿ ಕಳಿಸಿದ್ದೇನೆ.