ನಮ್ಮ ಡೇಟಾಗೆ ಹೊಣೆ ಯಾರು? ಬೀಕನ್‌ನಿಂದ ಇಲ್ಲೀವರೆಗಿನ ಕತೆ

ಸೋಶಿಯಲ್ ಮೀಡಿಯಾ ಡೇಟಾ ಲೀಕ್ ಅಂದ ತಕ್ಷಣ ಯಾರೋ ಹ್ಯಾಕರ್ ಒಳಗೆ ನುಗ್ಗಿ ಕದ್ದ ಅಂತಾನೇ ಅಂದ್ಕೋತೀವಿ, ಆದ್ರೆ ಹೆಸರಾದ ಕೇಸ್‌ಗಳನ್ನ ಕೆದಕಿ ನೋಡಿದ್ರೆ ಎಷ್ಟೋ ಸಲ ಬಾಗಿಲು ತೆಗೆದಿಟ್ಟಿದ್ದು ಕಂಪನಿಯವ್ರೇ.

2007ರಲ್ಲಿ ಫೇಸ್‌ಬುಕ್ ಬೀಕನ್ ಅಂತ ಒಂದು ಫೀಚರ್ ತಂತು. ನೀವು ಬೇರೆ ಸೈಟಲ್ಲಿ ಏನೋ ಕೊಂಡ್ರೆ ಅದು ಫ್ರೆಂಡ್ಸ್ ಫೀಡಲ್ಲಿ ಬಂದುಬಿಡೋದು. ಗಲಾಟೆ ಆಯ್ತು, ಕೋರ್ಟ್ ಕೇಸ್ ಆಯ್ತು, 2009ರಲ್ಲಿ ಮುಚ್ಚಿದ್ರು. 2011ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮುಂದೆ, ಪ್ರೈವಸಿ ವಿಷಯದಲ್ಲಿ ಇನ್ಮೇಲೆ ಯೂಸರ್‌ಗಳ ದಾರಿ ತಪ್ಪಿಸಲ್ಲ ಅಂತ ಒಪ್ಕೊಂಡ್ರು.

ಒಪ್ಕೊಂಡ್ರು ನಿಜ, ಆದ್ರೆ ಆಗ ಆಪ್‌ಗಳಿಗೆ ಕೊಟ್ಟಿದ್ದ ಪರ್ಮಿಷನ್ ಹೇಗಿತ್ತು ನೋಡಿ: ನಿಮ್ಮ ಫ್ರೆಂಡ್ ಯಾವುದೋ ಪರ್ಸನಾಲಿಟಿ ಕ್ವಿಜ್‌ಗೆ ಅಲೌ ಒತ್ತಿದ್ರೆ ಸಾಕು, ನಿಮ್ಮ ಊರು, ಹುಟ್ಟಿದ ದಿನ, ಲೈಕ್ ಮಾಡಿದ ಪೇಜ್‌ಗಳು ಎಲ್ಲಾ ಆ ಆಪ್ ಮಾಡಿದವನ ಕೈಗೆ ಹೋಗ್ತಿತ್ತು, ನಿಮ್ಮನ್ನ ಒಂದು ಮಾತೂ ಕೇಳ್ತಿರ್ಲಿಲ್ಲ. ಹೀಗೆ ಸುಮಾರು 2.7 ಲಕ್ಷ ಜನ ಹಾಕ್ಕೊಂಡ ಒಂದು ಕ್ವಿಜ್ ಆಪ್‌ನಿಂದ, ಫೇಸ್‌ಬುಕ್ಕೇ ಆಮೇಲೆ ಹೇಳಿದ ಹಾಗೆ, 8.7 ಕೋಟಿ ಜನರ ತನಕ ಡೇಟಾ ಕೇಂಬ್ರಿಡ್ಜ್ ಅನಾಲಿಟಿಕಾ ಅನ್ನೋ, ಚುನಾವಣಾ ಪ್ರಚಾರಕ್ಕೆ ಕೆಲಸ ಮಾಡ್ತಿದ್ದ ಕಂಪನಿಯ ಕೈ ಸೇರಿರಬಹುದು. ಈ ವಿಷಯ 2015ರಲ್ಲೇ ಪೇಪರಲ್ಲಿ ಬಂದಿತ್ತು! ಫೇಸ್‌ಬುಕ್ ಏನ್ಮಾಡ್ತು, ಡೇಟಾ ತಗೊಂಡವ್ರಿಂದ ಡಿಲೀಟ್ ಮಾಡಿದೀವಿ ಅಂತ ಬರೆಸ್ಕೊಂಡು ಸುಮ್ನಾಯ್ತು. 2018ರ ಮಾರ್ಚಲ್ಲಿ ಕೇಂಬ್ರಿಡ್ಜ್ ಅನಾಲಿಟಿಕಾದಲ್ಲಿ ಮೊದ್ಲು ಕೆಲಸ ಮಾಡಿದ್ದ ಕ್ರಿಸ್ಟೋಫರ್ ವೈಲಿ ಬಾಯಿ ಬಿಟ್ಟ ಮೇಲೇ ಯೂಸರ್‌ಗಳಿಗೆ ನೋಟಿಸ್ ಬಂದಿದ್ದು. 2019ರಲ್ಲಿ ಫೇಸ್‌ಬುಕ್‌ಗೆ ಅದೇ ಫೆಡರಲ್ ಟ್ರೇಡ್ ಕಮಿಷನ್‌ನಿಂದ 500 ಕೋಟಿ ಡಾಲರ್ ದಂಡ ಬಿತ್ತು.

ಟ್ವಿಟರ್‌ದು ನಂಗೆ ಇದಕ್ಕಿಂತ ಕೆಟ್ಟದ್ದು ಅನ್ಸುತ್ತೆ. ಅಕೌಂಟ್ ಸೇಫಾಗಿರ್ಲಿ ಅಂತ ಜನ ಕೊಟ್ಟ ಫೋನ್ ನಂಬರನ್ನ ಜಾಹೀರಾತಿಗೆ ಬಳಸ್ಕೊಂಡ್ರು, 2022ರಲ್ಲಿ 15 ಕೋಟಿ ಡಾಲರ್ ಕಟ್ಟಿದ್ರು.

ನಿಜವಾಗ್ಲೂ ಬಿಸಿ ಮುಟ್ಟಿಸಿದ್ದು ಯುರೋಪಿನ ಡೇಟಾ ರಕ್ಷಣೆ ಕಾನೂನು, ಜಿಡಿಪಿಆರ್. 2018ರ ಮೇ 25ಕ್ಕೆ ಜಾರಿಗೆ ಬಂತು, ತಪ್ಪು ದೊಡ್ಡದಾದ್ರೆ ಕಂಪನಿಯ ಇಡೀ ಜಗತ್ತಿನ ವಹಿವಾಟಿನ ಶೇ. 4ರವರೆಗೂ ದಂಡ. ಇದ್ರಲ್ಲಿ ಜನ ಅಷ್ಟಾಗಿ ಮಾತಾಡದ ಒಂದು ರೂಲ್ ಇದೆ, ಫೀಚರ್ ಕಟ್ಟುವಾಗ್ಲೇ ಡೇಟಾ ರಕ್ಷಣೆನೂ ಅದರೊಳಗೆ ಇರ್ಬೇಕು ಅಂತ.

2021ರಲ್ಲಿ 53 ಕೋಟಿ ಫೇಸ್‌ಬುಕ್ ಯೂಸರ್‌ಗಳ ಮಾಹಿತಿ, ಫೋನ್ ನಂಬರ್ ಸಮೇತ, ಆನ್‌ಲೈನಲ್ಲಿ ಫ್ರೀಯಾಗಿ ಸಿಕ್ತಿತ್ತಲ್ಲ, ಆಗ ಈ ರೂಲೇ ಕೆಲಸಕ್ಕೆ ಬಂತು. ಫೋನಲ್ಲಿರೋ ಕಾಂಟ್ಯಾಕ್ಟ್ಸ್ ಹಾಕಿದ್ರೆ ಫ್ರೆಂಡ್ಸ್ ಹುಡುಕಿ ಕೊಡೋ ಫೀಚರಿಗೆ ಯಾರೋ ರಾಶಿ ರಾಶಿ ನಂಬರ್ ತುಂಬಿ, ಯಾವ ನಂಬರ್ ಯಾರದ್ದು ಅಂತ ಎತ್ಕೊಂಡಿದ್ರು. ಇದು ಹ್ಯಾಕ್ ಅಲ್ಲ, ಹಳೇ ಡೇಟಾ, 2019ರಲ್ಲೇ ಸರಿ ಮಾಡಿದೀವಿ ಅಂದ್ರು ಕಂಪನಿಯವ್ರು. ಆದ್ರೆ ಯುರೋಪಲ್ಲಿ ಫೇಸ್‌ಬುಕ್ ಮೇಲೆ ಈ ಕಾನೂನು ಜಾರಿ ಮಾಡೋ ಐರ್ಲೆಂಡಿನ ಡೇಟಾ ಪ್ರೊಟೆಕ್ಷನ್ ಕಮಿಷನ್ ಆ ಫೀಚರನ್ನ ಹಾಗೆ ಕಟ್ಟಿದ್ದೇ ತಪ್ಪು ಅಂತ ಹೇಳಿ 2022ರ ನವೆಂಬರಲ್ಲಿ 26.5 ಕೋಟಿ ಯೂರೋ ದಂಡ ಹಾಕ್ತು.